ಟ್ರಂಕಿನ ನೆಗೆಟಿವ್, ಒಂದೇ ಸಲದ ಕೆಲಸ: ಫಿಲಂ ಸ್ಕ್ಯಾನಿಂಗ್ ಹಂತ ಹಂತವಾಗಿ

ಅಟ್ಟದ ಟ್ರಂಕಿನಲ್ಲಿ, ಹಳೇ ಪಂಚಾಂಗಗಳ ಅಡಿಯಲ್ಲಿ, ಸ್ಟುಡಿಯೊದವರು ಕೊಟ್ಟಿದ್ದ ಕಂದು ಕವರೊಂದು ಸಿಕ್ಕಿತು. ಒಳಗೆ ಹನ್ನೆರಡು ಕಪ್ಪು-ಬಿಳುಪು ನೆಗೆಟಿವ್. ಅದರಲ್ಲೊಂದು, ಜಗಲಿಯಲ್ಲಿ ಮನೆಯವರೆಲ್ಲ ಸೇರಿ ತೆಗೆಸಿಕೊಂಡದ್ದು. ಅದರ ಪ್ರಿಂಟು ಎಂದೋ ಗೆದ್ದಲಿನ ಪಾಲಾಗಿತ್ತು. ಯಾವ ವರ್ಷದ ಫೋಟೊ ಎಂದರೆ ಮನೆಯಲ್ಲಿ ಮೂವರು ಮೂರು ಉತ್ತರ ಕೊಡುತ್ತಿದ್ದರು. ಆ ಜಗಳವನ್ನು ಕೊನೆಗೆ ಬಗೆಹರಿಸಿದ್ದು ಸ್ಕ್ಯಾನರ್.

ಶುರು ಮಾಡುವ ಮುಂಚೆ ಒಂದು ಮಾತು. ಸ್ಕ್ಯಾನ್ ಮಾಡುವುದೆಂದರೆ ಬತ್ತ ಕೊಯ್ದು ಕಣಜ ತುಂಬುವ ಕೆಲಸ. ಫೋಟೊ ಚೆಂದ ಮಾಡುವುದು ಗಿರಣಿಯ ಕೆಲಸ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಎರಡೂ ಕೆಡುತ್ತವೆ. ಫಿಲಂನಲ್ಲಿ ಇರುವುದನ್ನೆಲ್ಲ ಒಮ್ಮೆಗೇ ತೆಗೆದಿಟ್ಟುಕೊಂಡರೆ ಮತ್ತೆ ಅದನ್ನು ಮುಟ್ಟುವ ಪ್ರಮೇಯ ಬಾರದು.

ಬೇಕಾಗುವ ಸಾಮಾನು

ಮುಚ್ಚಳದಲ್ಲೂ ದೀಪವಿರುವ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಅಥವಾ ಫಿಲಂ ಸ್ಕ್ಯಾನರ್ (ಆಫೀಸಿನ ಕಾಗದದ ಸ್ಕ್ಯಾನರ್ ಇದಕ್ಕಾಗದು), ಕೈಯಲ್ಲಿ ಒತ್ತಿ ಗಾಳಿ ಊದುವ ರಬ್ಬರ್ ಬ್ಲೋವರ್, ಮೆತ್ತನೆಯ ಬ್ರಷ್, ಹತ್ತಿ ಗ್ಲೌಸ್, ನೆಗೆಟಿವ್ ಇಡುವ ಹೊಸ ಸ್ಲೀವ್‌ಗಳು.

ಹಂತ 1: ವಿಂಗಡಿಸಿ

ಎರಡೂ ಅಂಚಿನಲ್ಲಿ ತೂತುಗಳ ಸಾಲಿದ್ದರೆ 35 ಮಿ.ಮೀ. ಫಿಲಂ, ಒಂದು ಚಿತ್ರದ ಅಳತೆ 24 × 36 ಮಿ.ಮೀ. ತೂತಿಲ್ಲದ ಅಗಲ ಪಟ್ಟಿ 120 ಫಿಲಂ. ಅದರ ಚೌಕ ಚಿತ್ರ ಸುಮಾರು 56 × 56 ಮಿ.ಮೀ. ನಮ್ಮ ಕವರಿನಲ್ಲಿದ್ದದ್ದು ಇದೇ. ಒಂದು ರೋಲಿಗೆ ಹನ್ನೆರಡು ಚೌಕ.

ಕವರು ತೆರೆದೊಡನೆ ಮೂಸಿ ನೋಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲಂ ಕೊಳೆಯಲು ಶುರುವಾಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ದೂರವಿಟ್ಟು, ಮೊದಲು ಅದನ್ನೇ ಸ್ಕ್ಯಾನ್ ಮಾಡಿ. 1951ಕ್ಕಿಂತ ಹಳೆಯ ಫಿಲಂ ಅಂಟಂಟಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಬೇಗ ಬೆಂಕಿ ಹೊತ್ತಿಕೊಳ್ಳುವ ನೈಟ್ರೇಟ್ ಇರಬಹುದು. ಅದನ್ನು ಮನೆಯಲ್ಲಿ ಸ್ಕ್ಯಾನರ್‌ಗೆ ಹಾಕಬೇಡಿ. ಹಳೆಯ ಫಿಲಂ ಕಾಪಿಡುವ ಸಂಸ್ಥೆಯವರನ್ನು ಕೇಳಿ.

ಹಂತ 2: ಮುಖ ಯಾವುದು, ಬೆನ್ನು ಯಾವುದು?

ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೊಳೆಯುವ ಕಡೆ ಪ್ಲಾಸ್ಟಿಕ್ ಬೆನ್ನು. ಮಂಕಾಗಿರುವ ಕಡೆ ಎಮಲ್ಷನ್, ಅಂದರೆ ಚಿತ್ರ ಮೂಡಿರುವ ಪದರ. ಹೊಳೆಯುವ ಕಡೆಯಿಂದ ನೋಡಿದಾಗ ಅಂಚಿನ ಅಕ್ಷರ, ಅಂಕಿಗಳು ನೆಟ್ಟಗೆ ಕಾಣುತ್ತವೆ.

ಅಂಚು ಹರಿದುಹೋಗಿದ್ದರೆ ಸೀರೆ ನೋಡಿ. ಸೆರಗು ಎಡ ಹೆಗಲ ಮೇಲಿದ್ದರೆ ಸರಿ. ಬಲಕ್ಕೆ ಬಂದಿದ್ದರೆ ಫಿಲಂ ಮಗುಚಿದೆ. ಕೊಡವ ಉಡುಗೆಯಾದರೆ ಮಾತ್ರ ಈ ಪರೀಕ್ಷೆ ಉಲ್ಟಾ, ಅಲ್ಲಿ ನೆರಿಗೆ ಬೆನ್ನಿಗೆ, ಸೆರಗು ಬಲ ಹೆಗಲಿಗೆ.

ಹಂತ 3: ಧೂಳು ತೆಗೆಯಿರಿ

ಫ್ಯಾನ್ ಆರಿಸಿ. ಗ್ಲೌಸ್ ಹಾಕಿ ಅಂಚನ್ನಷ್ಟೇ ಹಿಡಿಯಿರಿ. ಎರಡೂ ಕಡೆ ಬ್ಲೋವರ್‌ನಿಂದ ಊದಿ, ಉಳಿದ ಕಣವನ್ನು ಬ್ರಷ್‌ನಿಂದ ಹಗುರವಾಗಿ ಸರಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ನಾನು ಮೊದಲ ದಿನ ಪಂಚೆಯ ಅಂಚಿನಿಂದ ಒರೆಸಿದೆ. ಅಜ್ಜಿಯ ಕೆನ್ನೆಯ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ಅದು ಇನ್ನು ಹೋಗುವುದಿಲ್ಲ.

ಹೊಳೆಯುವ ಕಡೆ ಬೆರಳಿನ ಎಣ್ಣೆ ಗುರುತಿದ್ದರೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಸೋಕಿಸಿದ ಮೆತ್ತನೆಯ ಹತ್ತಿಯಿಂದ ಒರೆಸಬಹುದು. ಮಲೆನಾಡು, ಕರಾವಳಿಯ ಮನೆಗಳ ಫಿಲಂನಲ್ಲಿ ಬೂಷ್ಟು ಸಾಮಾನ್ಯ. ಅದಕ್ಕೆ ನೀರು ಮುಟ್ಟಿಸಲೇಬೇಡಿ: ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಿ, ಚಿತ್ರವೇ ತೊಳೆದುಹೋಗುತ್ತದೆ.

ಹಂತ 4: ಚಪ್ಪಟೆಯಾಗಿ ಕೂರಿಸಿ

ಸುರುಳಿ ಸುತ್ತಿದ ಫಿಲಂ ಆದರೆ ನಡುಭಾಗಕ್ಕೆ ಫೋಕಸ್ ಸಿಕ್ಕಿದಾಗ ಅಂಚು ಮಸುಕು. ಸ್ಲೀವ್‌ಗೆ ಹಾಕಿ ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಟ್ಟರೆ ಬಹುಪಾಲು ನೆಟ್ಟಗಾಗುತ್ತದೆ. ಆಮೇಲೆ ಹೋಲ್ಡರ್‌ನಲ್ಲಿ ಬಿಗಿಯಾಗಿ ಕೂರಿಸಿ. ಹೊಳೆಯುವ ಕಡೆ ನೇರವಾಗಿ ಗಾಜಿಗೆ ತಾಗಿದರೆ ನೀರಿನ ಮೇಲಿನ ಎಣ್ಣೆಯಂಥ ಬಳೆಬಳೆ ಗುರುತುಗಳು ಮೂಡುತ್ತವೆ. ಇವನ್ನು ನ್ಯೂಟನ್ ಬಳೆಗಳು ಎನ್ನುತ್ತಾರೆ.

ಹೋಲ್ಡರ್‌ನ ಎತ್ತರವನ್ನೂ ಪರೀಕ್ಷಿಸಿ. ಅದರ ಪಾದಗಳ ಕೆಳಗೆ ಒಂದೊಂದೇ ಕಾಗದದ ತುಂಡು ಸೇರಿಸುತ್ತ ಒಂದೇ ನೆಗೆಟಿವನ್ನು ನಾಲ್ಕೈದು ಸಲ ಸ್ಕ್ಯಾನ್ ಮಾಡಿ. ಫಿಲಂನ ಕಾಳು, ಅಂದರೆ ಗ್ರೇನ್, ಎಲ್ಲಿ ಚೂಪಾಗಿ ಕಾಣುತ್ತದೋ ಅದೇ ನಿಮ್ಮ ಸ್ಕ್ಯಾನರ್‌ನ ಸರಿಯಾದ ಎತ್ತರ.

ಹಂತ 5: ರೆಸಲ್ಯೂಷನ್ ಮತ್ತು ಸೆಟಿಂಗ್

ಡಬ್ಬದ ಮೇಲೆ 6400 ಎಂದು ಅಚ್ಚಾಗಿದ್ದರೂ ಮನೆಬಳಕೆಯ ಫ್ಲ್ಯಾಟ್‌ಬೆಡ್‌ಗಳು ನಿಜವಾಗಿ ಹಿಡಿಯುವ ವಿವರ ಅದರ ಅರ್ಧಕ್ಕೂ ಕಡಿಮೆ. ಅಂಕಿ ಏರಿಸಿದರೆ ಹೆಚ್ಚುವುದು ಫೈಲಿನ ತೂಕ ಮಾತ್ರ. 120 ಫಿಲಂಗೆ ಇಂಚಿಗೆ 2400 ಸಾಕು: 56 ಮಿ.ಮೀ. ಚೌಕ ಸುಮಾರು 5290 × 5290 ಪಿಕ್ಸೆಲ್ ಆಗುತ್ತದೆ, ಅಂದರೆ 28 ಮೆಗಾಪಿಕ್ಸೆಲ್. 35 ಮಿ.ಮೀ.ಗೆ ಒಳ್ಳೆಯ ಫಿಲಂ ಸ್ಕ್ಯಾನರ್ ಸಿಕ್ಕರೆ 4000 ಇಡಿ. ನಿಕಾನ್ ಕೂಲ್‌ಸ್ಕ್ಯಾನ್‌ನಂಥ ಯಂತ್ರಗಳ ಅಳತೆ ಇದೇ. ಆಗ ಸಿಗುವ 5669 × 3780 ಪಿಕ್ಸೆಲ್‌ನಿಂದ ಇಂಚಿಗೆ 300ರ ಲೆಕ್ಕದಲ್ಲಿ ಸುಮಾರು 19 × 12.5 ಇಂಚಿನ ಪ್ರಿಂಟು ತೆಗೆಯಬಹುದು. ಗೋಡೆಯಷ್ಟು ದೊಡ್ಡದು ಬೇಕಾದರೆ ಡ್ರಮ್ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಉಳಿದ ಸೆಟಿಂಗ್:

• ಕಪ್ಪು-ಬಿಳುಪಿಗೆ 16 ಬಿಟ್ ಗ್ರೇಸ್ಕೇಲ್, ಬಣ್ಣದ್ದಕ್ಕೆ 48 ಬಿಟ್ ಕಲರ್.
• ಫೈಲು ಟಿಫ್. ಜೆಪಿಇಜಿ ಪ್ರತಿ ಸಲ ಸೇವ್ ಆದಾಗಲೂ ಒಂದಿಷ್ಟು ವಿವರ ಬಿಸಾಡುತ್ತದೆ.
• ಶಾರ್ಪನಿಂಗ್, ಆಟೊ ಕಾಂಟ್ರಾಸ್ಟ್ ಆಫ್.
• ಹಿಸ್ಟೋಗ್ರಾಂನ ಗುಡ್ಡ ಎಡ-ಬಲ ಎರಡೂ ತುದಿಗಳ ಒಳಗೇ ಇರಲಿ. ತುದಿಗೆ ಒತ್ತಿದರೆ ಅಲ್ಲಿನ ವಿವರ ಹೋದಂತೆ.
• ಧೂಳು ಅಳಿಸುವ ಡಿಜಿಟಲ್ ಐಸ್ ಕಪ್ಪು-ಬಿಳುಪಿಗೆ ಬೇಡ. ಅದು ಇನ್‌ಫ್ರಾರೆಡ್ ಬೆಳಕು ಹಾಯಿಸಿ ಧೂಳು ಹುಡುಕುತ್ತದೆ. ಬಣ್ಣದ ಫಿಲಂನ ಡೈ ಆ ಬೆಳಕನ್ನು ಬಿಡುತ್ತದೆ. ಕಪ್ಪು-ಬಿಳುಪಿನ ಬೆಳ್ಳಿಯ ಕಣ ತಡೆಯುತ್ತದೆ. ಯಂತ್ರ ಚಿತ್ರವನ್ನೇ ಧೂಳೆಂದುಕೊಳ್ಳುತ್ತದೆ.

ಹಂತ 6: ಸ್ಕ್ಯಾನ್ ಮಾಡಿ, 100%ಗೆ ಹಿಗ್ಗಿಸಿ ನೋಡಿ

ಪ್ರಿವ್ಯೂನಲ್ಲಿ ಚಿತ್ರದ ಸುತ್ತ ತುಸು ಖಾಲಿ ಅಂಚೂ ಸೇರುವಂತೆ ಆಯ್ದುಕೊಂಡು ಸ್ಕ್ಯಾನ್ ಮಾಡಿ. ಫಿಲಂ ಹೊರತೆಗೆಯುವ ಮುಂಚೆಯೇ ನಾಲ್ಕು ಮೂಲೆ, ನಡುಭಾಗವನ್ನು 100%ಗೆ ಹಿಗ್ಗಿಸಿ ನೋಡಿ. ನೂಲು, ಮಸುಕು ಕಂಡರೆ ಈಗಲೇ ಮತ್ತೊಮ್ಮೆ.

ನಾನು ಹಾಗೆ ನೋಡುತ್ತಿದ್ದಾಗಲೇ ಅಪ್ಪನ ತಲೆಯ ಹಿಂದಿನ ಗೋಡೆಯಲ್ಲಿ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಕಂಡಿತು. ಜೂನ್ 16, ಭಾನುವಾರ. ಇಸವಿಯ ಅಕ್ಷರ ಮಾತ್ರ ಗ್ರೇನಿನಲ್ಲಿ ಕರಗಿತ್ತು.

ಹಂತ 7: ಚೆಂದ ಮಾಡುವುದು ಕಾಪಿಯಲ್ಲಿ

ಮೂಲ ಟಿಫನ್ನು ಹಾಗೇ ಬಿಟ್ಟು ಅದರ ಕಾಪಿಯಲ್ಲಿ ಧೂಳಿನ ಚುಕ್ಕೆ ತೆಗೆಯಿರಿ, ಕಪ್ಪು-ಬಿಳುಪು ಹೊಂದಿಸಿ, ಶಾರ್ಪನ್ ಮಾಡಿ. ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆ ಫಿಲಂ ಕಂಪನಿಯೇ ಇಟ್ಟದ್ದು, ಹಾಳಾಗಿ ಬಂದದ್ದಲ್ಲ. ಸ್ಕ್ಯಾನ್ ಸಾಫ್ಟ್‌ವೇರ್‌ನಲ್ಲಿ ‘ಕಲರ್ ನೆಗೆಟಿವ್’ ಆರಿಸಿದರೆ ಅದು ಕಳೆಯುತ್ತದೆ. ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಚಿಕ್ಕ ಜೆಪಿಇಜಿ ಸಾಕು.

ಹಂತ 8: ಹೆಸರಿಡಿ, ಒಳಗಿಡಿ

ಫೈಲಿನ ಹೆಸರು ವರ್ಷ, ತಿಂಗಳು, ದಿನ, ಸ್ಥಳ, ಫ್ರೇಮ್ ಸಂಖ್ಯೆ ಎಂಬ ಕ್ರಮದಲ್ಲಿರಲಿ. ಮೂರು ಪ್ರತಿ ಮಾಡಿ, ಎರಡು ಬೇರೆ ಬಗೆಯ ಮಾಧ್ಯಮದಲ್ಲಿಡಿ, ಒಂದು ಬೇರೆ ಮನೆಯಲ್ಲಿರಲಿ. ನೆಗೆಟಿವನ್ನು ಹೊಸ ಸ್ಲೀವ್‌ಗೆ ಹಾಕಿ, ಅದರ ಮೇಲೂ ಅದೇ ಸಂಖ್ಯೆ ಬರೆದು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ತಂಪಾದ ಒಣ ಜಾಗದಲ್ಲಿಡಿ. ಬಿಸಿಲಿಗೆ ಕಾಯುವ ಅಟ್ಟ ಬೇಡ. ಪಿವಿಸಿ ಸ್ಲೀವೂ ಬೇಡ, ಅದು ಫಿಲಂಗೆ ಅಂಟುತ್ತದೆ.

ಜಗಲಿಯ ಫೋಟೊಗೆ ಹೆಸರಿಡಲು ಕೂತಾಗ ಲೆಕ್ಕ ಹಾಕಿದೆ. ಜೂನ್ 16 ಭಾನುವಾರ ಬಿದ್ದದ್ದು 1963, 1968, 1974, ಆಮೇಲೆ 1985ರಲ್ಲಿ. ಅಮ್ಮನ ತೊಡೆಯ ಮೇಲೆ ಬೆರಳು ಚೀಪುತ್ತಿರುವ ತಂಗಿ ಹುಟ್ಟಿದ್ದು 1973ರಲ್ಲಿ. ಫೈಲಿಗೆ ‘1974-06-16-ಜಗಲಿ-07’ ಎಂದು ಬರೆದು ನೆಗೆಟಿವನ್ನು ಒಳಗಿಟ್ಟೆ. ಮತ್ತೆ ಹೊರಗೆ ತೆಗೆದಿಲ್ಲ.