‘ತೊಳೆದುಕೊಳ್ಳಲಿ’: ಒಂದು ಪದದ ಪಾಠ



ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಜಯನಗರದ ತನ್ನ ಮನೆಯಿಂದ ಶಾಲೆಗೆ ಬಂದಿದ್ದಳು. ಉದ್ಯೋಗದ ನಿಮಿತ್ತ ಅವಳು ಸ್ಪ್ಯಾನಿಷ್ ಭಾಷೆಯನ್ನು ಕಲಿಯುತ್ತಿದ್ದಾಳೆ. “ಟೀಚರ್, ಒಂದು ಕ್ರಿಯಾಪದವು ನನ್ನನ್ನು ಬಹಳ ಕಾಡುತ್ತಿದೆ. ಕರ್ತೃವು ತನಗಾಗಿ ಮಾಡಿಕೊಳ್ಳುವ ಕೆಲಸವನ್ನೂ, ಅದು ನಡೆಯಲಿ ಎಂಬ ಹಾರೈಕೆಯನ್ನೂ ಒಂದೇ ಪದದಲ್ಲಿ ಹೇಳಬೇಕಂತೆ. ಇಂಗ್ಲಿಷಿನ ಮೂಲಕ ನೋಡಿದರೆ ನನಗೆ ಅರ್ಥವಾಗುವುದಿಲ್ಲ” ಎಂದಳು. “ಹಾಗಾದರೆ ಕನ್ನಡದ ಮೂಲಕ ನೋಡೋಣ” ಎಂದು ನಾನು ಹೇಳಿದೆನು. ಅವಳು ತಂದಿದ್ದ ಪಾಠಪುಸ್ತಕವನ್ನು ಇಬ್ಬರೂ ಕೂಡಿ ಓದಿದೆವು. ಆ ಸಂಜೆಯ ಪಾಠವನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ ‘ಕೊಳ್ಳು’ ಎಂಬ ಧಾತುವನ್ನು ವಿಚಾರಿಸೋಣ. ಅಂಗಡಿಯಲ್ಲಿ ಅಕ್ಕಿಯನ್ನು ಕೊಳ್ಳುವಾಗ ಇರುವುದು ಇದೇ ಧಾತು. ಇದು ಬೇರೊಂದು ಕ್ರಿಯೆಯ ಬೆನ್ನಿಗೆ ಸೇರಿದರೆ, ಆ ಕೆಲಸದ ಫಲವು ಮಾಡಿದವರಿಗೇ ಹಿಂದಿರುಗುತ್ತದೆ. ‘ತಾಯಿಯು ಮಗುವಿನ ಕೈ ತೊಳೆದಳು’ ಎನ್ನುತ್ತೇವೆ. ‘ಮಗುವು ಕೈ ತೊಳೆದುಕೊಂಡಿತು’ ಎನ್ನುತ್ತೇವೆ. ಫಲವು ಒಳ್ಳೆಯದೇ ಆಗಬೇಕೆಂಬ ನಿಯಮವಿಲ್ಲ. ‘ಕೈ ಸುಟ್ಟುಕೊಂಡಳು’ ಎಂಬುದೂ ಇದೇ ಜಾತಿಯದು. ಸಂಸ್ಕೃತದಲ್ಲಿ ಪರರಿಗಾಗಿ ಅಡಿಗೆ ಮಾಡುವವನಿಗೆ ‘ಪಚತಿ’ ಎಂದೂ, ತನಗಾಗಿ ಮಾಡಿಕೊಳ್ಳುವವನಿಗೆ ‘ಪಚತೇ’ ಎಂದೂ ಹೇಳುವ ಪರಸ್ಮೈಪದ, ಆತ್ಮನೇಪದಗಳ ಭೇದವನ್ನು ನೀವು ಕೇಳಿರಬಹುದು. ಆ ಭೇದವನ್ನು ಕನ್ನಡವು ತನ್ನದೇ ರೀತಿಯಲ್ಲಿ ‘ಕೊಳ್ಳು’ ಎಂಬುದರಿಂದ ತೋರಿಸುತ್ತದೆ.

ಎರಡನೆಯದು ‘ಅಲಿ’ ಎಂಬ ಪ್ರತ್ಯಯ. ಇದು ನಡೆದ ಸಂಗತಿಯನ್ನು ಹೇಳುವುದಿಲ್ಲ. ಹಾರೈಕೆಯನ್ನೂ ಸಮ್ಮತಿಯನ್ನೂ ಹೇಳುತ್ತದೆ. ಹಳಗನ್ನಡದಲ್ಲಿ ಈ ಸ್ಥಾನದಲ್ಲಿ ‘ಗೆ’, ‘ಕೆ’ ಎಂಬ ಪ್ರತ್ಯಯಗಳಿದ್ದವು. ‘ಅಕ್ಕೆ’ ಎಂದರೆ ‘ಆಗಲಿ’, ‘ಬಾಳ್ಗೆ’ ಎಂದರೆ ‘ಬಾಳಲಿ’. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ವನ್ನೂ, 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ರೆವರೆಂಡ್ ಕಿಟ್ಟೆಲ್ಲರ ವ್ಯಾಕರಣವನ್ನೂ ಹಿಡಿದು ಓದುವವರಿಗೆ ಹಳೆಯ ರೂಪಗಳೂ ಹೊಸ ರೂಪಗಳೂ ಪರಿಚಯವಾಗುವವು.

ಈ ಎರಡನ್ನೂ ಕೂಡಿಸಿದರೆ ‘ತೊಳೆದುಕೊಳ್ಳಲಿ’ ಎಂದಾಗುತ್ತದೆ. ‘ಅವಳು ಕೈ ತೊಳೆದುಕೊಳ್ಳಲಿ ಎಂದು ಬಯಸುತ್ತೇನೆ’ ಎಂಬ ವಾಕ್ಯವು ಸ್ಪ್ಯಾನಿಷಿನಲ್ಲಿ ‘ಕಿಯೆರೊ ಕೆ ಸೆ ಲಾವೆ ಲಾಸ್ ಮಾನೊಸ್’ ಎಂದಿದೆ. ‘ಸೆ’ ಎಂಬುದು ನಮ್ಮ ‘ಕೊಳ್ಳು’ವಿನ ಕೆಲಸವನ್ನೂ, ‘ಕೆ’ ಎಂಬುದು ನಮ್ಮ ‘ಎಂದು’ವಿನ ಕೆಲಸವನ್ನೂ ಮಾಡುತ್ತವೆ. ‘ತೊಳೆಯುತ್ತಾಳೆ’ ಎಂಬರ್ಥದ ‘ಲಾವಾ’ ಎಂಬುದು ‘ಲಾವೆ’ ಎಂದು ಬದಲಾದದ್ದರಲ್ಲಿಯೇ ನಮ್ಮ ‘ಅಲಿ’ ಅಡಗಿದೆ. ‘ಆರ್’ ಎಂದು ಮುಗಿಯುವ ಧಾತುಗಳಲ್ಲಿ ಹೀಗೆ ಅಕಾರವು ಎಕಾರವಾಗುವುದು. ‘ಎರ್’, ‘ಇರ್’ ಎಂದು ಮುಗಿಯುವವುಗಳಲ್ಲಿ ಅಕಾರವೇ ಬರುವುದು. ಆದುದರಿಂದ ‘ಹಾಕಿಕೊಳ್ಳಲಿ’ ಎಂಬುದಕ್ಕೆ ‘ಸೆ ಪೊಂಗಾ’ ಎನ್ನುತ್ತಾರೆ.

ಹೋಲಿಕೆಯು ಇಷ್ಟಕ್ಕೇ ನಿಲ್ಲುವುದಿಲ್ಲ. ಮೂರು ವಿಷಯಗಳನ್ನು ಗಮನಿಸಿರಿ.

1. ಇಂಗ್ಲಿಷಿನವರು ‘ಅವಳ ಕೈಗಳನ್ನು’ ಎಂದು ಬಿಡಿಸಿ ಹೇಳಬೇಕು. ಕನ್ನಡದಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ‘ಕೈ’ ಎಂದರೆ ಸಾಕು. ಯಾರ ಕೈ ಎಂಬುದನ್ನು ಕ್ರಿಯಾಪದವೇ ತಿಳಿಸುತ್ತದೆ. ನಮ್ಮ ಹುಡುಗಿಯು ‘ಸೆ’ಯನ್ನು ಮರೆತು ಬರೆದಿದ್ದಳು. ಹಾಗೆ ಬರೆದರೆ ‘ಯಾರದೋ ಕೈ ತೊಳೆಯಲಿ’ ಎಂದಂತಾಗುವುದು.

2. ಬಯಸುವವರೂ ಮಾಡುವವರೂ ಒಬ್ಬರೇ ಆದರೆ ಹಾರೈಕೆಯ ರೂಪವು ಬೇಡ. ‘ನಾನು ತೊಳೆದುಕೊಳ್ಳಲು ಬಯಸುತ್ತೇನೆ’ ಎನ್ನುತ್ತೇವೆ. ಅವರೂ ‘ಕಿಯೆರೊ ಲಾವಾರ್ಮೆ’ ಎನ್ನುತ್ತಾರೆ. ಇಬ್ಬರು ಬೇರೆ ಬೇರೆಯಾದಾಗ ಮಾತ್ರ ‘ಅಲಿ’ ಬೇಕಾಗುವುದು.

3. ಖಂಡಿತವಾಗಿ ಬಲ್ಲ ಸಂಗತಿಗೂ ಇದು ಬೇಡ. ‘ಅವಳು ತೊಳೆದುಕೊಳ್ಳುತ್ತಾಳೆಂದು ಬಲ್ಲೆನು’ ಎಂಬಲ್ಲಿ ಅವರು ‘ಸೆ ಲಾವಾ’ ಎಂದೇ ಹೇಳುತ್ತಾರೆ.

ಭೇದಗಳೂ ಉಂಟು. ನಮ್ಮ ‘ಕೊಳ್ಳು’ ಎಲ್ಲ ಪುರುಷಗಳಿಗೂ ಒಂದೇ. ಅವರಲ್ಲಿ ನನಗೆ ‘ಮೆ’, ನಿನಗೆ ‘ತೆ’, ಅವಳಿಗೆ ‘ಸೆ’, ನಮಗೆ ‘ನೊಸ್’ ಎಂದು ಬದಲಾಗುವುದು. ‘ಅಲಿ’ ಹೆಚ್ಚಾಗಿ ಪ್ರಥಮಪುರುಷಕ್ಕೆ ಸಲ್ಲುವುದು. ಎದುರಿಗಿರುವವಳಿಗೆ ‘ತೊಳೆದುಕೋ’ ಎಂದೂ, ನಮ್ಮನ್ನೂ ಸೇರಿಸಿಕೊಂಡರೆ ‘ತೊಳೆದುಕೊಳ್ಳೋಣ’ ಎಂದೂ ಹೇಳುವೆವು. ಸ್ಪ್ಯಾನಿಷಿನಲ್ಲಿ ಹಾರೈಕೆಯ ರೂಪವು ಎಲ್ಲ ಪುರುಷಗಳಲ್ಲಿಯೂ ನಡೆಯುವುದು. ಅಲ್ಲದೆ ಅವರು ಸಂಶಯಕ್ಕೂ, ‘ಅವಳು ನಾಳೆ ಎದ್ದಾಗ’ ಎಂಬಂಥ ಇನ್ನೂ ಬಾರದ ಕಾಲಕ್ಕೂ ಇದೇ ರೂಪವನ್ನು ಬಳಸುತ್ತಾರೆ. ನಮ್ಮ ‘ಅಲಿ’ ಅಲ್ಲಿಗೆ ಹೋಗುವುದಿಲ್ಲ.

ಕಾಯಿಲೆಯಿಂದ ಮಲಗಿರುವ ಆಪ್ತರಿಗೆ ಸ್ಪ್ಯಾನಿಷ್ ಜನರು ‘ಕೆ ತೆ ಮೆಹೋರೆಸ್’ ಎನ್ನುತ್ತಾರೆ. ನಾವು ಕಾಗದದಲ್ಲಿ ‘ತಾಯಿಯವರು ಬೇಗ ಚೇತರಿಸಿಕೊಳ್ಳಲಿ’ ಎಂದು ಬರೆಯುತ್ತೇವೆ. ಔಷಧವನ್ನು ಬೇರೆಯವರು ಕೊಡಬಹುದು, ಚೇತರಿಕೆಯು ರೋಗಿಯದೇ ಎಂಬ ತಿಳಿವಳಿಕೆಯು ಎರಡು ಭಾಷೆಗಳಲ್ಲಿಯೂ ಇದೆ.

ಆದರೆ ಇದೇ ರೂಪಕ್ಕೆ ಇನ್ನೊಂದು ಮುಖವುಂಟು. ಅದನ್ನು ನಾನು ನಾಚಿಕೆಯಿಂದ ಕಲಿತೆನು. ಅನೇಕ ವರ್ಷಗಳ ಹಿಂದೆ, ಲೆಕ್ಕದಲ್ಲಿ ಮತ್ತೆ ಮತ್ತೆ ತಪ್ಪುತ್ತಿದ್ದ ಒಬ್ಬ ಹುಡುಗಿಯ ವಿಷಯದಲ್ಲಿ ಬೇಸತ್ತು, ಜೊತೆಯ ಉಪಾಧ್ಯಾಯಿನಿಯೊಡನೆ “ಏನಾದರೂ ಮಾಡಿಕೊಳ್ಳಲಿ” ಎಂದುಬಿಟ್ಟೆನು. ಹುಡುಗಿಯು ಬಾಗಿಲ ಹೊರಗೆ ನಿಂತಿದ್ದಳು. ಮರುದಿನ ಅವಳು ಶಾಲೆಗೆ ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ. ಬನಶಂಕರಿಯಲ್ಲಿದ್ದ ಅವಳ ಮನೆಗೆ ನಾನೇ ಹೋಗಿ, ನನ್ನ ಮಾತು ತಪ್ಪೆಂದು ಹೇಳಿದೆನು. ಆ ಬಳಿಕ ದಿನವೂ ಅರ್ಧ ಗಂಟೆ ಅವಳ ಪಕ್ಕದಲ್ಲಿ ಕುಳಿತೆನು. ಲೆಕ್ಕವನ್ನು ನಾನು ಮಾಡಿಕೊಡಲಿಲ್ಲ. ಅವಳೇ ಮಾಡಿದಳು, ತಪ್ಪನ್ನು ಅವಳೇ ತಿದ್ದಿಕೊಂಡಳು.

‘ಮಾಡಿಕೊಳ್ಳಲಿ’ ಎಂಬುದನ್ನು ಬಾಗಿಲು ಮುಚ್ಚಿಯೂ ಹೇಳಬಹುದು, ಪಕ್ಕದಲ್ಲಿ ನಿಂತೂ ಹೇಳಬಹುದು. ವ್ಯಾಕರಣದಲ್ಲಿ ಎರಡಕ್ಕೂ ರೂಪವೊಂದೇ. ಮಗುವಿಗೆ ಮಾತ್ರ ಎರಡೂ ಒಂದಲ್ಲ. ಮಗಳ ತಲೆಯನ್ನು ಬಾಚಿ, ಪುಸ್ತಕಗಳನ್ನು ಜೋಡಿಸಿ, ಪಾಠವನ್ನೂ ತಾವೇ ಓದಿ ಹೇಳಿಕೊಡುವ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಪ್ರೀತಿಯನ್ನು ನಾನು ಬಲ್ಲೆನು. ಆದರೂ ಅವರಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಅವಳೇ ಬಾಚಿಕೊಳ್ಳಲಿ, ಅವಳೇ ಓದಿಕೊಳ್ಳಲಿ; ತಾವು ಹತ್ತಿರದಲ್ಲಿ ಇರಿ.

ಕಡೆಗೆ ಒಂದು ಅಭ್ಯಾಸ. ಈ ವಾರ ಮನೆಯಲ್ಲಿ ನೀವು ಆಡುವ ಮಾತುಗಳಲ್ಲಿ ‘ಕೊಳ್ಳಲಿ’ ಎಂದು ಮುಗಿಯುವ ಐದನ್ನು ಬರೆದಿಡಿರಿ. ಪ್ರತಿಯೊಂದರ ಮುಂದೆಯೂ ಅದು ಹಾರೈಕೆಯೋ, ಕೈಬಿಟ್ಟ ಮಾತೋ ಎಂದು ಗುರುತು ಮಾಡಿರಿ. ಉತ್ತರಗಳನ್ನು ನನಗೆ ಕಳುಹಿಸಬೇಕಾದದ್ದಿಲ್ಲ, ನೀವೇ ತಿದ್ದಿಕೊಳ್ಳಿರಿ.