ದುರ್ವಾಸನೆ ಮರ ಮತ್ತು ಅರ್ಬುದ ಚಿಕಿತ್ಸೆ

ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ಬಾಗಲೂರಿನ ನಮ್ಮ ಚಿಕಿತ್ಸಾಲಯಕ್ಕೆ ಬಂದ ಯುವಕರೊಬ್ಬರು ಮೇಜಿನ ಮೇಲೆ ಒಂದು ಬಟ್ಟೆಯ ಚೀಲವನ್ನಿಟ್ಟರು. ಒಳಗೆ ಮಸುಕು ಹಳದಿ ಬಣ್ಣದ ಒಣ ಮರದ ಚಕ್ಕೆಗಳಿದ್ದವು. ಅವರ ತಾಯಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ತಿಳಿದು ಆಗಷ್ಟೇ ಹದಿನೈದು ದಿನಗಳಾಗಿದ್ದವು. ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರು. ಈ ನಡುವೆ ಮಲೆನಾಡಿನ ಪರಿಚಯಸ್ಥರೊಬ್ಬರು ಚಕ್ಕೆಗಳನ್ನು ಕಳುಹಿಸಿ, ಕಷಾಯ ಮಾಡಿ ಕುಡಿಸಿದರೆ ಗಡ್ಡೆ ಕರಗುವುದೆಂದು ಹೇಳಿದ್ದರಂತೆ. ಯುವಕರ ಪ್ರಶ್ನೆ ನೇರವಾಗಿತ್ತು: ‘ಆಸ್ಪತ್ರೆಯ ಔಷಧವನ್ನೂ ಇದೇ ಮರದಿಂದ ಮಾಡುತ್ತಾರಂತೆ. ಹಾಗಿದ್ದ ಮೇಲೆ ಮೂಲವನ್ನೇ ಕುಡಿಸಿದರೆ ಸಾಲದೇ?’

ಇದು ಅವಿವೇಕದ ಪ್ರಶ್ನೆಯಲ್ಲ. ಅವರು ಕೇಳಿದ್ದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ಹೇಳುವುದಕ್ಕೆ ಆ ದಿನ ಸಮಯ ಸಾಲದೆ ಹೋದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಆ ಚಕ್ಕೆ ದುರ್ವಾಸನೆ ಮರದ್ದು. ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಸಣ್ಣ ಮರವಿದು. ಹೂವು ಅರಳಿದಾಗ ಸಮೀಪ ನಿಲ್ಲಲಾಗದಷ್ಟು ವಾಸನೆ ಬರುವುದರಿಂದ ಈ ಹೆಸರು. ಮರಾಠಿಯಲ್ಲಿ ನರಕ್ಯಾ ಎನ್ನುವರು. ಸಸ್ಯಶಾಸ್ತ್ರದ ಈಗಿನ ಹೆಸರು ನೋಥಪೊಡೈಟಿಸ್ ನಿಮ್ಮೋನಿಯಾನ. ಹಿಂದೆ ಮ್ಯಾಪಿಯಾ ಫೀಟಿಡಾ ಎಂದಿತ್ತು. ನಾವು ಬಿಎಎಂಎಸ್ ಓದಿದ ಕಾಲದಲ್ಲಿ ದ್ರವ್ಯಗುಣದ ಪಾಠದಲ್ಲಿ ಈ ಮರದ ಮಾತೇ ಬಂದಿರಲಿಲ್ಲ. ಇದನ್ನು ‘ಋಷಿಗಳು ಹೇಳಿದ ಪ್ರಾಚೀನ ಔಷಧ’ ಎಂದು ಮಾರುವವರು ಯಾವ ಗ್ರಂಥದ ಯಾವ ಅಧ್ಯಾಯವೆಂಬುದನ್ನು ಮಾತ್ರ ಹೇಳುವುದಿಲ್ಲ.

ಇದರ ಕಥೆ ಆರಂಭವಾಗುವುದು ಚೀನಾದ ಇನ್ನೊಂದು ಮರದಿಂದ. ಆ ಮರಕ್ಕೆ ಅಲ್ಲಿಯವರು ಸಂತೋಷವೃಕ್ಷವೆಂಬ ಅರ್ಥದ ಹೆಸರಿಟ್ಟಿದ್ದಾರೆ. 1966ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನಸುಖ್ ವಾನಿ ಎಂಬ ರಸಾಯನಶಾಸ್ತ್ರಜ್ಞರು ಅದರಿಂದ ಕ್ಯಾಂಪ್ಟೊಥೆಸಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ವಾನಿಯವರು ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ ಹುಟ್ಟಿದವರು. 1972ರಲ್ಲಿ ನಮ್ಮ ದೇಶದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ಅದೇ ಸತ್ತ್ವವು ದುರ್ವಾಸನೆ ಮರದಲ್ಲಿಯೂ ಇರುವುದನ್ನು ತೋರಿಸಿದರು. ಚೀನಾದ ಮರಕ್ಕಿಂತ ಇದರಲ್ಲಿ ಅದು ಬಹಳ ಹೆಚ್ಚು. ಹೆಚ್ಚೆಂದರೂ ಒಂದು ಕಿಲೋ ಒಣ ಮರದಲ್ಲಿ ಕೆಲವು ಗ್ರಾಂ ಮಾತ್ರ ಎಂಬುದು ಬೇರೆ ಮಾತು.

ಈ ಸತ್ತ್ವ ಮಾಡುವ ಕೆಲಸವನ್ನು ಹೀಗೆ ತಿಳಿಯಬಹುದು. ಪ್ರತಿಯೊಂದು ಜೀವಕೋಶದಲ್ಲಿ ವಂಶತಂತುವು ಎರಡು ಎಳೆಗಳ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಕೋಶ ಇಬ್ಭಾಗವಾಗುವ ಮುನ್ನ ಎಳೆಗಳು ಬಿಚ್ಚಬೇಕು. ಹೊಸೆದ ಹಗ್ಗವನ್ನು ಒಂದು ತುದಿಯಿಂದ ಬಿಚ್ಚುತ್ತಾ ಹೋದರೆ ಮುಂದಿನ ಭಾಗ ಇನ್ನಷ್ಟು ಬಿಗಿದು ಸಿಕ್ಕಾಗುವುದನ್ನು ನಮ್ಮ ರೈತಬಂಧುಗಳು ಬಲ್ಲರು. ಈ ಸಿಕ್ಕನ್ನು ಬಿಡಿಸಲು ಟೊಪೊಐಸೊಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಬಿಗಿತ ಸಡಿಲವಾದೊಡನೆ ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಸರಿಯಾಗಿ ಆ ಕ್ಷಣದಲ್ಲಿ, ಕತ್ತರಿಸಿಯಾಗಿ ಇನ್ನೂ ಜೋಡಿಸದಿರುವಾಗ, ಕಿಣ್ವವನ್ನು ಅಲ್ಲಿಯೇ ಸಿಕ್ಕಿಸಿ ನಿಲ್ಲಿಸುತ್ತದೆ. ನಕಲು ಮಾಡುತ್ತಾ ಬರುವ ಯಂತ್ರ ಅದಕ್ಕೆ ಬಡಿದಾಗ ಎರಡೂ ಎಳೆಗಳು ತುಂಡಾಗಿ ಕೋಶ ಸಾಯುತ್ತದೆ. ಈ ಮರ್ಮ ತಿಳಿದದ್ದು 1985ರಲ್ಲಿ. ಬೇಗ ಬೇಗ ವಿಭಜನೆಗೊಳ್ಳುವ ಅರ್ಬುದದ ಕೋಶಗಳಿಗೆ ಪೆಟ್ಟು ಹೆಚ್ಚು. ಆದರೆ ಕರುಳಿನ ಒಳಪೊರೆ, ಎಲುಬಿನ ಮಜ್ಜೆ, ಕೂದಲಿನ ಬುಡ ಇವುಗಳ ಕೋಶಗಳೂ ಬೇಗನೆ ವಿಭಜನೆಗೊಳ್ಳುವಂಥವು. ವಿಷಕ್ಕೆ ಇವು ನಮ್ಮವು, ಅವು ಶತ್ರುಗಳು ಎಂಬ ಭೇದ ತಿಳಿಯದು.

ಈಗ ಯುವಕರ ಪ್ರಶ್ನೆಗೆ ಬರೋಣ. ಮೂಲವನ್ನೇ ಕೊಡುವ ಪ್ರಯತ್ನವನ್ನು ವಿಜ್ಞಾನಿಗಳು ಮೊದಲೇ ಮಾಡಿ ನೋಡಿದ್ದರು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಆದ್ದರಿಂದ 1970ರ ಸುಮಾರಿಗೆ ಅದನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಿ ರೋಗಿಗಳಿಗೆ ಕೊಟ್ಟರು. ಕರಗಿತೇನೋ ನಿಜ, ಆದರೆ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ಗುಣ ಬಹುವಾಗಿ ಕುಂದಿತು. ಸಾಲದೆಂಬಂತೆ ಮೂತ್ರದ ಆಮ್ಲತೆಯಲ್ಲಿ ಅದೇ ಉಂಗುರ ಮತ್ತೆ ಕೂಡಿಕೊಂಡು, ಮೂತ್ರಕೋಶದ ಒಳಗೋಡೆಯನ್ನು ಸುಟ್ಟು ರಕ್ತಸ್ರಾವ ಉಂಟುಮಾಡಿತು. ಪ್ರಯೋಗವನ್ನು ಕೈಬಿಡಬೇಕಾಯಿತು. ಬಳಿಕ ಅಣುವಿಗೆ ಸಣ್ಣ ಜೋಡಣೆಗಳನ್ನು ಮಾಡಿ, ಗುಣ ಕೆಡದೆ ಕರಗುವಂತೆ ರೂಪಿಸಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಾಗೆ ಬಂದವು ಇರಿನೊಟೆಕಾನ್ ಮತ್ತು ಟೊಪೊಟೆಕಾನ್. ಅಮೆರಿಕದಲ್ಲಿ ಎರಡಕ್ಕೂ ಅನುಮತಿ ದೊರೆತದ್ದು 1996ರಲ್ಲಿ. ಮೊದಲನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ, ಎರಡನೆಯದು ಅಂಡಾಶಯದ ಕ್ಯಾನ್ಸರಿಗೆ.

ಕಷಾಯ ಮಾಡಿದರೆ ಏನಾಗುವುದೆಂದು ಇದರಿಂದಲೇ ಊಹಿಸಬಹುದು. ನೀರಿಗೆ ಎಷ್ಟು ಇಳಿಯಿತೆಂದು ಹೇಳಬಲ್ಲವರಿಲ್ಲ. ಚಕ್ಕೆಯನ್ನು ಪುಡಿಮಾಡಿ ನುಂಗಿಸಿದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಮರದಿಂದ ಮರಕ್ಕೆ, ಬೇರಿನಿಂದ ಕಾಂಡಕ್ಕೆ ಸತ್ತ್ವದ ಪ್ರಮಾಣ ಬೇರೆ ಬೇರೆ. ಒಂದು ಚಮಚ ಏನನ್ನೂ ಮಾಡದಿರಬಹುದು, ಇನ್ನೊಂದು ಚೀಲದ ಅದೇ ಒಂದು ಚಮಚ ಬಿಳಿ ರಕ್ತಕಣಗಳನ್ನು ಕುಗ್ಗಿಸಬಹುದು. ಆಸ್ಪತ್ರೆಯಲ್ಲಿ ಅಳೆದು ಕೊಡುವಾಗಲೂ ಕೆಲವರಿಗೆ ಈ ವರ್ಗದ ಔಷಧ ಹೆಚ್ಚಾಗುವುದುಂಟು. ಅವರ ಯಕೃತ್ತಿನಲ್ಲಿ ಇದನ್ನು ಹೊರಹಾಕಲು ನೆರವಾಗುವ ಕಿಣ್ವ ಹುಟ್ಟಿನಿಂದಲೇ ಮಂದವಾಗಿರುತ್ತದೆ.

ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಬುದದ ಲಕ್ಷಣಗಳಿವೆ: ದುಂಡಗೆ, ಅಲುಗದೆ, ಆಳಕ್ಕೆ ಬೇರೂರಿ, ನಿಧಾನವಾಗಿ ಬೆಳೆದು, ಕೀವಾಗದೆ ಉಳಿಯುವ ಮಾಂಸದ ಏರಿಕೆ. ಚಿಕಿತ್ಸಾಸ್ಥಾನದಲ್ಲಿ ಆಚಾರ್ಯರು ಇನ್ನೊಂದು ಎಚ್ಚರಿಕೆ ನೀಡಿದ್ದಾರೆ. ದೋಷವು ಅಲ್ಪವೇ ಉಳಿದರೂ ಅರ್ಬುದ ಮರಳಿ ಬೆಳೆದು ಬೆಂಕಿಯಂತೆ ಕೊಲ್ಲುವುದಂತೆ. ಶಸ್ತ್ರದ ಮಹತ್ತ್ವವನ್ನು ಬಲ್ಲ ಆಚಾರ್ಯರ ಹೆಸರಿನಲ್ಲಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಹೀಗೆ ಬರೆಯುವ ನಾವು ತಪ್ಪು ಮಾಡದವರಲ್ಲ. ವೃತ್ತಿಯ ಆರಂಭದ ವರ್ಷಗಳಲ್ಲಿ ಒಬ್ಬ ಗೃಹಸ್ಥರು ಕುತ್ತಿಗೆಯ ಗಂಟೆಂದು ಬಂದಾಗ ಕಾಂಚನಾರ ಗುಗ್ಗುಲು ಕೊಟ್ಟು ಮೂರು ತಿಂಗಳು ಕಾಯಿಸಿದೆವು. ಸೂಜಿಯಿಂದ ಕಣಗಳನ್ನು ತೆಗೆದು ಪರೀಕ್ಷಿಸಲು ಕಳುಹಿಸಬೇಕೆಂದು ತೋಚಲಿಲ್ಲ. ತೋಚಿದರೂ, ಕಳುಹಿಸಿದರೆ ನಮ್ಮ ಶಾಸ್ತ್ರಕ್ಕೆ ಕುಂದೆಂದು ಭಾವಿಸುವ ವಯಸ್ಸು ಅದು. ಕಳುಹಿಸುವ ವೇಳೆಗೆ ರೋಗ ಎದೆಯವರೆಗೆ ಇಳಿದಿತ್ತು. ಅವರು ನಮ್ಮನ್ನು ಒಂದು ದಿನವೂ ದೂರಲಿಲ್ಲ. ಆ ಮೂರು ತಿಂಗಳುಗಳು ನಮ್ಮ ಲೆಕ್ಕದಲ್ಲಿಯೇ ಉಳಿದಿವೆ.

ಮರದ ಕಡೆಯ ನಷ್ಟವನ್ನೂ ಹೇಳಬೇಕು. ಸತ್ತ್ವಕ್ಕೆ ವಿದೇಶಗಳಲ್ಲಿ ಬೇಡಿಕೆ ಬಂದೊಡನೆ ಘಟ್ಟದ ಹಲವೆಡೆ, ವಿಶೇಷವಾಗಿ ಮಹಾರಾಷ್ಟ್ರದಲ್ಲಿ, ದುರ್ವಾಸನೆ ಮರಗಳನ್ನು ಬೇರುಸಹಿತ ಕಿತ್ತು ಸಾಗಿಸಿದರು. ಇದಕ್ಕೆ ಪರಿಹಾರ ಹುಡುಕಿದವರಲ್ಲಿ ನಮ್ಮ ನೆರೆಯವರೇ ಇದ್ದಾರೆ. ಯಲಹಂಕದಿಂದ ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲಿ ನಾವೆಲ್ಲರೂ ಕಾಣುವ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಆರ್. ಉಮಾಶಂಕರ್ ಮತ್ತು ಸಂಗಡಿಗರು ಈ ಮರವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಮರದೊಳಗೆ ಅದಕ್ಕೆ ಕೇಡುಮಾಡದೆ ಬದುಕುವ ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ತಯಾರಿಸುವುದನ್ನು ಅವರು ಕಂಡರು. ಶಿಲೀಂಧ್ರವನ್ನು ಪಾತ್ರೆಯಲ್ಲಿ ಬೆಳೆಸಿದರೆ ಮರ ಕಡಿಯುವುದು ತಪ್ಪೀತೆಂಬ ಆಸೆ ಹುಟ್ಟಿತು. ಆದರೆ ಮರದಿಂದ ಹೊರತಂದು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದಂತೆ ಅದರ ಇಳುವರಿ ಕುಗ್ಗುತ್ತಾ ಹೋಯಿತೆಂಬುದನ್ನೂ ಅವರೇ ಪ್ರಕಟಿಸಿದರು. ಇದೇ ಮರದ ಎಲೆ ತಿಂದು, ವಿಷವನ್ನು ಮೈಯಲ್ಲಿ ಶೇಖರಿಸಿಕೊಂಡು, ಏನೂ ಆಗದಂತೆ ಓಡಾಡುವ ಒಂದು ಜೀರುಂಡೆಯನ್ನೂ ಅವರು ಗುರುತಿಸಿದ್ದಾರೆ. ಜೀರುಂಡೆಗೆ ಪಚನವಾದುದು ಮನುಷ್ಯನಿಗೂ ಆದೀತೆಂದು ಯಾರೂ ತಿಳಿಯಬಾರದು!

ಹೊಸ ಭರವಸೆ ಇರುವುದು ಸತ್ತ್ವವನ್ನು ಗಡ್ಡೆಯ ಬಳಿಗೇ ಒಯ್ಯುವ ವಿಧಾನದಲ್ಲಿ. ಅರ್ಬುದದ ಕೋಶದ ಮೇಲಿರುವ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಕ್ಯಾಂಪ್ಟೊಥೆಸಿನ್ ವರ್ಗದ ವಿಷವನ್ನು ಕಟ್ಟಿ ಕಳುಹಿಸುತ್ತಾರೆ, ವಿಳಾಸ ಬರೆದ ಅಂಚೆಯಂತೆ. ಸ್ತನ ಕ್ಯಾನ್ಸರಿಗೆ ಇಂಥ ಎರಡು ಔಷಧಗಳಿಗೆ ಅಮೆರಿಕದಲ್ಲಿ 2019 ಮತ್ತು 2020ರಲ್ಲಿ ಅನುಮತಿ ದೊರೆಯಿತು. ಈ ಬಗೆಯ ಇನ್ನಷ್ಟು ಔಷಧಗಳು ಬೇರೆ ಬೇರೆ ಗಡ್ಡೆಗಳಿಗೆ ಪ್ರಯೋಗದಲ್ಲಿವೆ. ಬೆಲೆ ಸದ್ಯಕ್ಕೆ ಸಾಮಾನ್ಯರ ಕೈಗೆ ನಿಲುಕುವಂಥದ್ದಲ್ಲ, ಇವುಗಳಿಂದಲೂ ಅಡ್ಡಪರಿಣಾಮಗಳಿವೆ.

ಯುವಕರ ತಾಯಿ ನಿಗದಿಯಾದ ದಿನವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಈಗ ಇರಿನೊಟೆಕಾನ್ ಸೇರಿದ ಚಿಕಿತ್ಸೆಯಲ್ಲಿದ್ದಾರೆ. ಬಾಯಿರುಚಿ ಕೆಟ್ಟಾಗ ತೆಳು ಗಂಜಿ, ಹೆಸರುಬೇಳೆಯ ಕಟ್ಟು, ದಣಿವಿಗೆ ವಿಶ್ರಾಂತಿಯ ಕ್ರಮ, ಇಷ್ಟನ್ನು ಅವರ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ ನಾವು ಹೇಳಿಕೊಡುತ್ತಿದ್ದೇವೆ. ಈ ಔಷಧ ಪಡೆಯುವವರಿಗೆ ಭೇದಿ ಆರಂಭವಾದರೆ ಮನೆಮದ್ದಿಗೆ ಹೋಗದೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಜ್ವರ ಬಂದರೆ ಅದೇ ರಾತ್ರಿ ಹೋಗಬೇಕು, ಬೆಳಗಾಗಲೆಂದು ಕಾಯಬಾರದು. ಖರ್ಚಿಗೆ ಅಂಜುವವರು 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಲ್ಲಿ ವಿಚಾರಿಸಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವಿದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ.

ನಮ್ಮಲ್ಲಿಗೆ ಬರುವ ಭಕ್ತರು ಆಸ್ಪತ್ರೆಯ ಎಲ್ಲ ಕಾಗದಗಳನ್ನೂ ತರಬೇಕು. ಯಾವುದಾದರೂ ಚಕ್ಕೆ, ಪುಡಿ, ಭಸ್ಮ ಸೇವಿಸುತ್ತಿದ್ದರೆ ಆ ಪೊಟ್ಟಣವನ್ನೂ ತನ್ನಿರಿ. ನಾವು ಗದರಿಸುವುದಿಲ್ಲ.