ವಯಸ್ಸು ಕೇಳ್ಯಾರೆಂದು ಬಾಯಿ ಮುಚ್ಚಬೇಡವ್ವ

ನೋಡವ್ವ, ದೇವದುರ್ಗದ ಹಳ್ಳಿಯಿಂದ ಪಿಯುಸಿ ಓದಲು ರಾಯಚೂರಿಗೆ ಬಂದಿದ್ದಿ. ಕೈಯಲ್ಲಿ ಫೋನಿದೆ, ವಯಸ್ಸು ಹದಿನೇಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬುವವರೆಗೆ ನೀನು ಮಗು. ನಿನ್ನ ಮಾಹಿತಿ ಬಳಸುವ ಕಂಪನಿ ಮೊದಲು ಅಪ್ಪನದೋ ಅವ್ವನದೋ ಖಾತ್ರಿಯಾದ ಒಪ್ಪಿಗೆ ಪಡೆಯಬೇಕು. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಇದಕ್ಕೆ 18 ತಿಂಗಳ ಗಡುವು ಕೊಟ್ಟಿವೆ. ಮಕ್ಕಳ ಬೆನ್ನು ಹತ್ತಿ, ಅವರು ನೋಡಿದ್ದನ್ನೆಲ್ಲ ಅಳೆದು ಜಾಹೀರಾತು ತೋರಿಸಬಾರದು ಎಂದೂ ಕಾಯ್ದೆ ಹೇಳುತ್ತದೆ. ಆ ಮಾತು ನನಗೆ ಪೂರಾ ಒಪ್ಪಿಗೆ.

ನನ್ನ ಚಿಂತೆ ಬೇರೆ. ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಅಪ್ಪ ಅವ್ವಂದಿರು ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದಾರೆ. ಮಕ್ಕಳು ಅಜ್ಜಿಯ ಹತ್ತಿರ. ಸರ್ಕಾರದ ಡಿಜಿಲಾಕರ್ ಆ್ಯಪ್ ತೆಗೆದು, ಗುರುತು ತೋರಿಸಿ ಒಪ್ಪಿಗೆ ಕೊಡುವವರು ಯಾರು? ಹುಡುಗಿಗೆ ಫೋನ್ ಯಾಕೆ ಎನ್ನುವ ಮನೆಯಲ್ಲಿ ಒಪ್ಪಿಗೆ ಕೇಳಿದರೆ ಫೋನೇ ಹೋಗುತ್ತದೆ. ಹದಿನಾರಕ್ಕೇ ಮದುವೆ ಗೊತ್ತಾದ ಹುಡುಗಿ, ಆ ಮದುವೆ ಮಾಡುವವರಿಂದಲೇ ಅಪ್ಪಣೆ ಪಡೆದು ತನ್ನ ಕಷ್ಟ ಬರೆಯಬೇಕೇ? ಅಂಥ ಗೆಳತಿ ಯಾರಾದರೂ ಇದ್ದರೆ ಮಕ್ಕಳ ಸಹಾಯವಾಣಿ 1098 ಹೇಳಿಕೊಡು. ಆ ಕರೆಗೆ ಯಾರ ಒಪ್ಪಿಗೆಯೂ ಬೇಡ.

ಈ ನೆಲಕ್ಕೆ ಅಪ್ಪಣೆಯ ಕಹಿ ಗೊತ್ತು. ನಿಜಾಮರ ಕಾಲದ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಸರ್ಕಾರದ ಅನುಮತಿಯಿಲ್ಲದೆ ಸಭೆ ಸೇರಲು ಬಿಡುತ್ತಿರಲಿಲ್ಲ. ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ಅಲ್ಲಿ ವಯಸ್ಸಿನ ಮಾತಿಲ್ಲ. ಖಾಸಗಿತನವೂ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ದಾವೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸಿನ ತಪಾಸಣೆ ಆ ಹಕ್ಕನ್ನೂ ಮುಟ್ಟುತ್ತದೆ: ಮಕ್ಕಳನ್ನು ಗುರುತಿಸಬೇಕೆಂದರೆ ದೊಡ್ಡವರೂ ಗುರುತು ತೋರಿಸಬೇಕಾಗುತ್ತದೆ. ಹೆಸರು ಹೇಳಿ ದೂರಲು ಅಂಜುವ ಕೂಲಿಯವನು ಆಗ ಸುಮ್ಮನಾಗಿಬಿಡುತ್ತಾನೆ.

ಹಾಗಂತ ಹುಟ್ಟಿದ ವರ್ಷ 1995 ಎಂದು ಸುಳ್ಳು ಬರೆಯಬೇಡ. ಬರೆದರೆ ಮಕ್ಕಳಿಗಿರುವ ರಕ್ಷಣೆಯನ್ನು ನೀನೇ ಕಳೆದುಕೊಳ್ಳುತ್ತಿ. ಕೇಳಿದ ಆ್ಯಪಿಗೆಲ್ಲ ಆಧಾರ್ ಫೋಟೊ ಹಾಕಬೇಡ. ವಯಸ್ಸಿನ ತಕರಾರಿಗೆಂದು ಕೊಟ್ಟವೂ ಸೇರಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪಿನ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಸೋರಿರಬಹುದೆಂದು 2025ರಲ್ಲಿ ಆ ಕಂಪನಿಯೇ ಹೇಳಿತು. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡು. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಯುಗಾದಿಗೋ ಮೊಹರಮ್ಮಿಗೋ ಅಪ್ಪ ಊರಿಗೆ ಬರುತ್ತಾನಲ್ಲ, ಆಗ ಪಕ್ಕದಲ್ಲಿ ಕೂತು ನೀನು ಏನು ಓದುತ್ತಿ, ಏನು ಬರೆಯುತ್ತಿ ತೋರಿಸು. ಅವನಿಗೆ ಓದು ಬರದಿದ್ದರೆ ಓದಿ ಹೇಳು.